ಅರ್ಧ ಮಲ್ಲಿಗೆಯಲ್ಲಿ ನಿಂತ ಸೂಜಿ

ನನಗೆ ಮೊಮ್ಮಗಳು ಹುಟ್ಟಿದ್ದಾಳೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಕಂಪ್ಯೂಟರಿನ ಕತೆ ಹೇಳುವಾಗ ನಡುನಡುವೆ ಅದೇ ಬಾಯಿಗೆ ಬಂದು ನಿಮಗೆ ತಲೆಬಿಸಿ ಆದೀತು. ಹೇಳಿದ ಮೇಲೂ ಬರುತ್ತದೆ ಅನ್ನಿ, ಅದಕ್ಕೆ ನಾನೇನು ಮಾಡಲಿ? ಅವಳ ಕಾಲ್ಬೆರಳಿನ ಉಗುರು ಕುಚ್ಚಲಕ್ಕಿಯ ನುಚ್ಚಿನಷ್ಟಿದೆ. ಇಷ್ಟು ಸಣ್ಣ ಉಗುರನ್ನು ದೇವರು ಯಾವ ಕತ್ತರಿಯಲ್ಲಿ ಕತ್ತರಿಸಿದನೋ ಎಂದು ಆಸ್ಪತ್ರೆಯಲ್ಲಿ ಕೇಳಿದರೆ ನರ್ಸು ಬಾಯಿಗೆ ಕೈ ಅಡ್ಡ ಇಟ್ಟು ನಕ್ಕಳು. ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಆದರೆ ಆ ದಸರೆಯ ವಾರ ನಾನು ಸಿಕ್ಕಿಹಾಕಿಕೊಂಡ ರೀತಿಯನ್ನು ಬೇರೆ ಯಾರೋ ಬರೆದರೆ ಸರಿಯಾಗುವುದಿಲ್ಲ.

ಕಲ್ಯಾಣದ ಪಕ್ಕದ ಠಾಕುರ್ಲಿಯಲ್ಲಿ ರೈಲಿನ ಹಳಿಗೆ ಬೆನ್ನು ಹಾಕಿ ನಿಂತ ನಮ್ಮ ಬಿಲ್ಡಿಂಗಿನ ಕೆಳಗಿನ ಖೋಲಿಯಲ್ಲಿ ನನ್ನ ಕಸೂತಿ ಮೆಶಿನು ಇದೆ. ಬ್ಲೌಸಿನ ತೋಳು, ಬೆನ್ನು, ಸೀರೆಯ ಅಂಚು, ಇಂಥದ್ದಕ್ಕೆಲ್ಲ ಹೂವು ಬಳ್ಳಿ ಹಾಕುವುದು ಅದರ ಕೆಲಸ. ಸೂಜಿ ಎಲ್ಲಿ ಇಳಿಯಬೇಕು, ಬಟ್ಟೆ ಬಿಗಿದ ಫ್ರೇಮು ಯಾವ ಕಡೆ ಸರಿಯಬೇಕು ಎಂದು ಅದಕ್ಕೆ ಹೇಳಿಕೊಡುವುದು ಪಕ್ಕದಲ್ಲಿ ಕೂತ ಹಳೆಯ ಕಂಪ್ಯೂಟರು. ಎರಡನ್ನೂ ಒಟ್ಟಿಗೆ ಮಾಜಿವಾಡಾದ ಒಬ್ಬ ವ್ಯಾಪಾರಿಯಿಂದ ಸೆಕೆಂಡ್‌ಹ್ಯಾಂಡ್ ತಂದದ್ದು. ಆ ಅಂಗಡಿ ಮುಚ್ಚಿ ಅಲ್ಲಿ ಈಗ ಮೊಬೈಲ್ ಕವರ್ ಮಾರುತ್ತಾರೆ. ಕಂಪ್ಯೂಟರಿನ ಹಿಂದೆ ಮೆಶಿನಿನ ವೈರು ಸಿಕ್ಕಿಸುವ ಅಗಲದ ತೂತು ಉಂಟಲ್ಲ, ಅದು ಹೊಸ ಕಂಪ್ಯೂಟರಿನಲ್ಲಿ ಬರುವುದೇ ಇಲ್ಲವಂತೆ. ಹಾಗಾಗಿ ಅವೆರಡೂ ಹಳೆಯ ಗಂಡ ಹೆಂಡತಿಯ ಹಾಗೆ. ಒಂದು ಹೋದರೆ ಇನ್ನೊಂದಕ್ಕೂ ಕೆಲಸವಿಲ್ಲ.

ಸೊಸೆಗೆ ತಿಂಗಳು ತುಂಬುತ್ತಾ ಬಂದಾಗ ನಾನು ಪೆಟ್ಟಿಗೆಯ ತಳದಿಂದ ನನ್ನ ಅಮ್ಮನ ಸೀರೆ ತೆಗೆದೆ. ಕೈಮಗ್ಗದ ಹತ್ತಿ ಸೀರೆ, ದಾಸವಾಳದ ಕೆಂಪು. ಅಮ್ಮ ಅದನ್ನುಟ್ಟು ಜಗಲಿಯಲ್ಲಿ ಕೂತು ಬಾಳೆನಾರಿನಲ್ಲಿ ಮಲ್ಲಿಗೆ ಕಟ್ಟುತ್ತಿದ್ದದ್ದು ನನಗೆ ಕಣ್ಣಿಗೆ ಕಟ್ಟಿದ ಹಾಗಿದೆ. ತೊಳೆದು ತೊಳೆದು ಅದು ಮಗುವಿನ ಕೆನ್ನೆಯಷ್ಟು ಮೆತ್ತಗಾಗಿದೆ. ಅದನ್ನು ಮಡಿಚಿ ತೊಟ್ಟಿಲಿಗೆ ಹಾಸುವ ಬಟ್ಟೆ ಮಾಡಬೇಕು, ಅದರ ನಡುವೆ ಬಿಳಿ ನೂಲಿನಲ್ಲಿ ಒಂದು ಮಲ್ಲಿಗೆ ಚೆಂಡು ಸುತ್ತಿಟ್ಟ ಹಾಗೆ ಕಸೂತಿ ಹಾಕಬೇಕು ಎಂದು ಆಸೆ. ಡಿಸೈನು ಎಲ್ಲಿಯೂ ಸಿಗಲಿಲ್ಲ. ಇಂಟರ್‌ನೆಟ್ಟಿನ ಮಲ್ಲಿಗೆಗಳೆಲ್ಲ ಗುಲಾಬಿಯ ಹಾಗೆ ಬಾಯಿ ಬಿಟ್ಟುಕೊಂಡಿದ್ದವು. ನಮ್ಮ ಉಡುಪಿಯ ಮಲ್ಲಿಗೆ ಹಾಗಲ್ಲ, ಮೊಗ್ಗಿನಲ್ಲೇ ಕಟ್ಟುವುದು. ಮಳೆಗಾಲ ಪೂರ್ತಿ ನಾನೇ ಕೂತು ಮೌಸು ಹಿಡಿದು ಒಂದೊಂದೇ ಮೊಗ್ಗು ಬರೆದೆ. ಅದು ಇದ್ದದ್ದು ಆ ಒಂದು ಕಂಪ್ಯೂಟರಿನಲ್ಲಿ ಮಾತ್ರ.

ಇದು ಯಾರಿಗೂ ಗೊತ್ತಿರಲಿಲ್ಲ. ಸೊಸೆಗೆ ತೊಟ್ಟಿಲ ದಿನವೇ ತೋರಿಸಬೇಕು ಅಂತ.

ಮಗು ಹುಟ್ಟಿತು. ಹೆಣ್ಣು! ಮರುದಿನವೇ ಸೀರೆಯನ್ನು ಫ್ರೇಮಿಗೆ ಬಿಗಿದು ಮೆಶಿನು ಶುರುಮಾಡಿದೆ. ಆಸ್ಪತ್ರೆಯ ಓಡಾಟದ ನಡುವೆ ಅರ್ಧ ಚೆಂಡು ಆಗುವಷ್ಟರಲ್ಲಿ ಆಯುಧಪೂಜೆ ಬಂತು. ಆ ದಿನ ಮೆಶಿನು ಓಡಿಸುವ ಪದ್ಧತಿ ನಮ್ಮಲ್ಲಿಲ್ಲ. ಸೂಜಿಯನ್ನು ಬಟ್ಟೆಯೊಳಗೇ ಇಳಿಸಿ ನಿಲ್ಲಿಸಿದೆ. ಹೊಲಿಗೆಯವರು ಜಾಗ ಕಾಯುವುದು ಹಾಗೆಯೇ. ಸೂಜಿ ಕೆಳಗಿದ್ದರೆ ಬಟ್ಟೆ ಅಲ್ಲಾಡುವುದಿಲ್ಲ.

ಈಗ ನನ್ನ ಮೊದಲನೆಯ ಬಲೆ. ಮಗನಿಗೆ ಮಗು ಹುಟ್ಟಿದರೆ ನಮಗೆ ಅಮೆ, ಹುಟ್ಟಿನ ಸೂತಕ. ದೇವರ ದೀಪ ಮುಟ್ಟುವ ಹಾಗಿಲ್ಲ, ಪೂಜೆ ಮಾಡುವ ಹಾಗಿಲ್ಲ. ಇಷ್ಟು ವರ್ಷ ಬಿಡದೆ ಪೂಜೆ ಮಾಡಿಸಿಕೊಂಡ ಮೆಶಿನಿಗೆ ಈ ಸಲ ನನ್ನ ಕೈಯ ಕುಂಕುಮ ಇಲ್ಲ. ಪಕ್ಕದ ಮನೆಯ ಕಾಕು, ಮರಾಠಿಯವರು, ನನಗಿಂತ ಒಂದೆರಡು ವರ್ಷ ದೊಡ್ಡವರು, ಝೆಂಡೂ, ಅಂದರೆ ಚೆಂಡುಹೂವಿನ ಮಾಲೆ ಹಿಡಿದುಕೊಂಡು ಬಂದು, "ಪೂಜೆ ನಾನು ಮಾಡ್ತೇನೆ, ನೀವು ದೂರ ನಿಂತು ಅಜ್ಜಿಯಾಗಿ" ಎಂದರು.

ಪೂಜೆ ಮಾಡಬಾರದು ಸರಿ. ತೊಳೆಯಬಾರದು ಅಂತ ಯಾರೂ ಹೇಳಲಿಲ್ಲವಲ್ಲ! ಮೈಯಲ್ಲಿದ್ದ ಸಂತೋಷವನ್ನೆಲ್ಲ ಒರೆಸುವುದರಲ್ಲಿ ಹಾಕಿದೆ. ಮೆಶಿನಿನ ಸಂದಿಸಂದಿಯ ನೂಲಿನ ಹೊಟ್ಟು ತೆಗೆದೆ, ಎಣ್ಣೆ ಬಿಟ್ಟೆ. ಸಾಕಾಗಲಿಲ್ಲ. ಕಂಪ್ಯೂಟರಿನ ಡಬ್ಬಿಯ ಸ್ಕ್ರೂ ಬಿಚ್ಚಿ, ಒಳಗಿನ ಧೂಳನ್ನು ಬಣ್ಣ ಹಚ್ಚುವ ಬ್ರಶ್ಶಿನಲ್ಲಿ ಕೊಡವಿದೆ. ಒಳಗೆ ಒಂದು ಬಿಲ್ಲೆ ಇತ್ತು, ಬೆಳ್ಳಿ ನಾಣ್ಯದ ಹಾಗೆ, ಮಂಕಾಗಿ. ಉಗುರಿನಲ್ಲಿ ಎಬ್ಬಿಸಿದರೆ ಟಪ್ ಎಂದು ಕೈಗೆ ಬಂತು. ಮನೆಯ ಬೆಳ್ಳಿಯನ್ನು ನಾವು ಹಲ್ಲುಪುಡಿಯಲ್ಲಿ ತಿಕ್ಕುವುದು. ಇದನ್ನೂ ತಿಕ್ಕಿದೆ. ಫಳಫಳ ಹೊಳೆಯಿತು. ಸೆರಗಿನಲ್ಲಿ ಒರೆಸಿ ಮತ್ತೆ ಅದರ ಗೂಡಿನಲ್ಲಿ ಕೂರಿಸಿದೆ. ಕಾಕು ಹೂ ಹಾಕಿ, ಅರಶಿನ ಕುಂಕುಮ ಇಟ್ಟು, ನಿಂಬೆಹಣ್ಣು ಕೊಯ್ದರು. "ಇಷ್ಟು ಚಂದ ನಿಮ್ಮ ಸೊಸೆಯನ್ನೂ ನೋಡಿಕೊಳ್ಳಿ" ಅಂತ ಒಂದು ಚುಚ್ಚು ಮಾತು ಬೇರೆ.

ಮರುದಿನ, ದಸರೆಯ ಬೆಳಿಗ್ಗೆ, ಕಂಪ್ಯೂಟರು ಹಾಕಿದೆ. ಯಾವತ್ತಿನ ಚಿತ್ರ ಬರಲಿಲ್ಲ. ಕಪ್ಪು ಪರದೆ, ಬಿಳಿ ಇಂಗ್ಲಿಷ್ ಅಕ್ಷರ. ನನಗೆ ಇಂಗ್ಲಿಷು ಸ್ಟೇಶನ್ ಬೋರ್ಡು ಓದುವಷ್ಟು, ಮತ್ತೆ ಮೆಶಿನಿನ ಗುಂಡಿಗಳ ಮೇಲೆ ಬರೆದಷ್ಟು. ಎಫ್ ಒಂದು ಒತ್ತಿದರೆ ಏನೋ, ಎಫ್ ಎರಡು ಒತ್ತಿದರೆ ಇನ್ನೇನೋ ಎಂದಿತ್ತು. ಎರಡನೆಯ ಸಾಲಿನ ಕೊನೆಯಲ್ಲಿ ಮಾತ್ರ ನನಗೆ ಗೊತ್ತಿರುವ ಒಂದು ಶಬ್ದ ಕಂಡಿತು, ಕಂಟಿನ್ಯೂ. ನೂಲು ಕಡಿದು ಮೆಶಿನು ನಿಂತಾಗ ನಾನು ದಿನಕ್ಕೆ ಎಷ್ಟೋ ಸಲ ಒತ್ತುವ ಗುಂಡಿಯ ಹೆಸರು ಅದೇ. ಮುಂದುವರಿ ಅಂತ. ಒಳ್ಳೆಯ ಶಬ್ದ. ಎಫ್ ಎರಡು ಒತ್ತಿದೆ.

ಮುಂದುವರಿಯಿತು. ಯಾವತ್ತಿನ ಚಿತ್ರ ಬಂತು, ಸುತ್ತುವ ಚುಕ್ಕಿ ಬಂತು. "ಅಷ್ಟೇ" ಎಂದುಕೊಂಡೆ. ಆಗ ಪರದೆಯಿಡೀ ಒಂದು ಕ್ಷಣ ನೀಲಿಯಾಗಿ ಮಿಂಚಿ, ಪಟ್ಟೆಂದು ಆರಿ, ಮತ್ತೆ ಕಪ್ಪು. ಮತ್ತೆ ಚಿತ್ರ. ಮತ್ತೆ ಚುಕ್ಕಿ. ಮತ್ತೆ ನೀಲಿ ಮಿಂಚು. ನಾನು ಸ್ಟೂಲಿನ ಮೇಲೆ ಕೂತು ನೋಡುತ್ತಲೇ ಇದ್ದೆ. ಕಿಟಕಿಯ ಆಚೆ ಕಲ್ಯಾಣ ಲೋಕಲ್ಲು ಹೋಯಿತು, ಸಿಎಸ್‌ಟಿ ಲೋಕಲ್ಲು ಹೋಯಿತು. ಅವಕ್ಕಾದರೂ ಹೋಗಿ ಮುಟ್ಟುವ ಜಾಗ ಉಂಟು. ಇದು ಹೊರಟಲ್ಲಿಗೇ ಬರುತ್ತಿತ್ತು.

ಪಕ್ಕದಲ್ಲಿ ಅಮ್ಮನ ಸೀರೆ. ಅರ್ಧ ಮಲ್ಲಿಗೆ, ಅರ್ಧ ಖಾಲಿ ಕೆಂಪು, ನಡುವೆ ಇಳಿದು ನಿಂತ ಸೂಜಿ. ಬಟ್ಟೆಯನ್ನು ಫ್ರೇಮಿನಿಂದ ಬಿಡಿಸಿದರೆ ಮತ್ತೆ ಅದೇ ಜಾಗಕ್ಕೆ ಕೂರಿಸುವುದು ಯಾರಿಂದಲೂ ಆಗುವುದಿಲ್ಲ. ಒಂದು ಕೂದಲಿನಷ್ಟು ಸರಿದರೂ ಮೊಗ್ಗು ಎರಡು ಹೋಳಾಗಿ ಕಾಣುತ್ತದೆ. ಬಿಚ್ಚೋಣವೆಂದರೆ ಹಳೆಯ ಹತ್ತಿ, ಹೊಲಿಗೆಯ ಜೊತೆಗೆ ಬಟ್ಟೆಯೇ ಬರುತ್ತದೆ. ಉಳಿದರ್ಧ ಕೈಯಲ್ಲಿ ಹಾಕೋಣವೆಂದರೆ ನನ್ನ ಬಲಗೈ ಹೆಬ್ಬೆರಳು ನಡುಗಲು ಶುರುವಾಗಿ ಎಷ್ಟೋ ಕಾಲವಾಯಿತು. ಆ ಖೋಲಿಯಲ್ಲಿ ನಾನು ಕೈ ಚಾಚಿದಲ್ಲೆಲ್ಲ ಒಂದು ಗೋಡೆ.

ಸುಮ್ಮನೆ ಕೂರುವ ಜಾತಿಯವಳಲ್ಲವಲ್ಲ. ಸೆಟಪ್ಪು ಎಂಬ ಜಾಗಕ್ಕೆ ಹೋಗಿ ಬಾಣದ ಗುಂಡಿ ಒತ್ತಿ ಒತ್ತಿ, ಕಂಡ ಕಂಡ ಸಾಲನ್ನು ಒಂದರಿಂದ ಇನ್ನೊಂದು ಮಾಡಿದೆ. ಒಮ್ಮೆ ಡಿಸ್ಕೇ ಇಲ್ಲ ಎಂದಿತು. ಒಮ್ಮೆ ಕೀಬೋರ್ಡೇ ಕೆಲಸ ಮಾಡಲಿಲ್ಲ. ಏನು ಬದಲಾಯಿಸಿದೆ, ಯಾವುದನ್ನು ಮೊದಲಿನ ಹಾಗೆ ಮಾಡಿದೆ ಎಂಬುದು ಸಂಜೆಗೆ ನನಗೇ ಗೊತ್ತಿರಲಿಲ್ಲ. ಬ್ಲೌಸಿನ ಎಲ್ಲ ಹೊಲಿಗೆಯನ್ನೂ ಒಟ್ಟಿಗೆ ಬಿಚ್ಚಿ ತೋಳು ಯಾವುದು ಬೆನ್ನು ಯಾವುದು ಎಂದು ಕೂತ ಹಾಗಾಯಿತು.

ಮಗನಿಗೆ ಫೋನು ಮಾಡಿ ವಿಷಯ ಹೇಳಿದೆ. ಅವನು ಠಾಣೆಯಲ್ಲಿ ಹೊಟೇಲಿನ ಮ್ಯಾನೇಜರು. ದಸರೆಯ ದಿನ, ಅವನ ಹಿಂದೆ ಪ್ಲೇಟುಗಳ ಗದ್ದಲ.

"ಅಮ್ಮ, ಮಗುವಿಗೆ ಹಾಸಲಿಕ್ಕೆ ಬಟ್ಟೆ ತಾನೆ? ನಾನು ಬರುವಾಗ ಅಂಗಡಿಯಿಂದ ಒಳ್ಳೆಯದು ತರ್ತೇನೆ."

"ಅಂಗಡಿಯಲ್ಲಿ ನಿನ್ನ ಅಜ್ಜಿಯ ಸೀರೆ ಸಿಗ್ತದಾ?"

"ಹಾಗಾದ್ರೆ ಅವಳನ್ನೇ ಕೇಳಿ. ಅವಳು ಆಫೀಸಿನಲ್ಲಿ ದಿನಾ ಮಾಡುವ ಕೆಲಸವೇ ಅದು ಅಲ್ವಾ? ಜನ ಫೋನ್ ಮಾಡಿ ಕಂಪ್ಯೂಟರ್ ಏಳುದಿಲ್ಲ ಅಂತ ಅಳ್ತಾರೆ, ಇವಳು ಏಳಿಸ್ತಾಳೆ."

"ಬಾಣಂತಿಯನ್ನು ಕೇಳುದಾ? ನಿನಗೆಂತ ತಲೆ ಕೆಟ್ಟಿದೆಯಾ ಮಾರಾಯ?"

ಇಲ್ಲಿಯೇ ಎರಡನೆಯ ಬಲೆ, ಅದನ್ನು ಹೆಣೆದವಳು ನಾನೇ. ಸೊಸೆ ಮರಾಠಿ ಹುಡುಗಿ, ಬಾಣಂತನಕ್ಕೆ ಐರೋಲಿಯಲ್ಲಿ ತಾಯಿಯ ಮನೆಯಲ್ಲಿದ್ದಾಳೆ. ಆಸ್ಪತ್ರೆಯಿಂದ ಕಳಿಸುವಾಗ ನಾನು ಅವಳ ತಾಯಿಯ ಹತ್ತಿರ ಖಡಕ್ಕಾಗಿ ಹೇಳಿದ್ದೆ. ನಮ್ಮಲ್ಲಿ ಬಾಣಂತಿ ಕಣ್ಣಿಗೆ ಆಯಾಸ ಕೊಡಬಾರದು. ಮೊಬೈಲು ಅವಳ ಕೈಗೆ ಹೋಗಲೇಬಾರದು, ಯಾರು ಕೇಳಿದರೂ ಸರಿ. ಬೀಗಿತಿ ಒಳ್ಳೆಯವರು, ಹೇಳಿದ್ದನ್ನು ಅಕ್ಷರಶಃ ಮಾಡುವವರು. ಮಗಳ ಮೊಬೈಲನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿ, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನನಗೆ ಫೋಟೊ ಕಳಿಸಿದ್ದರು. ಮೊಮ್ಮಗಳ ಫೋಟೊವೂ ಅವರ ಫೋನಿನಿಂದಲೇ ಬರುವುದು. ಅವತ್ತು ಬಂದದ್ದರಲ್ಲಿ ಅವಳು ಆಕಳಿಸುತ್ತಿದ್ದಳು. ನೀಲಿ ಮಿಂಚುವ ಪರದೆಯ ಎದುರು ಕೂತು ಆ ಆಕಳಿಕೆಯನ್ನು ಎಷ್ಟು ಸಲ ನೋಡಿದೆನೋ.

ಗುರುವಾರ ಕಲ್ಯಾಣದಿಂದ ರಿಪೇರಿಯವರು ಬಂದರು. ಮಧ್ಯ ವಯಸ್ಸಿನವರು, ಚಪ್ಪಲಿ ಹೊರಗೆ ಬಿಟ್ಟು, ಝೆಂಡೂ ಮಾಲೆಯನ್ನು ಮೆಲ್ಲಗೆ ಸರಿಸಿ, ಕೂತರು. ಪೆನ್‌ಡ್ರೈವು ಹಾಕಿದರು, ತೆಗೆದರು. ರಿಪೇರಿ ಎಂಬುದನ್ನು ಓಡಿಸಿದರು. ಅದು ತುಂಬಾ ಹೊತ್ತು ಯೋಚಿಸಿ, ಆಗುವುದಿಲ್ಲ ಎಂದಿತು.

"ಮಾವ್ಶಿ, ಹೊಸದಾಗಿ ಏನಾದರೂ ಇನ್‌ಸ್ಟಾಲ್ ಮಾಡಿದ್ರಾ?"

"ಇಲ್ಲಪ್ಪ."

"ಯಾವುದಾದರೂ ಪೆನ್‌ಡ್ರೈವ್ ಹಾಕಿದ್ರಾ?"

"ಇಲ್ಲ."

ಸುಳ್ಳಲ್ಲ. ಒರೆಸಿದ್ದನ್ನು ಅವರು ಕೇಳಲಿಲ್ಲ, ಒರೆಸುವುದೂ ಏನೋ ಮಾಡಿದ್ದರ ಲೆಕ್ಕಕ್ಕೆ ಬರುತ್ತದೆ ಎಂದು ನನಗೆ ಹೊಳೆಯಲಿಲ್ಲ. ಒರೆಸುವುದು ಉಸಿರಾಡಿದ ಹಾಗೆ ಅಲ್ವಾ?

"ವಿಂಡೋಸ್ ಹೋಗಿದೆ ಮಾವ್ಶಿ. ಫಾರ್ಮ್ಯಾಟ್ ಮಾಡ್ಬೇಕು. ನಿಮ್ಮ ಡಿಸೈನುಗಳನ್ನು ಬೇರೆ ಕಡೆ ತೆಗೆದಿಡ್ತೇನೆ, ಹೆದರಬೇಡಿ. ಆದರೆ ಮೆಶಿನಿನ ಸಾಫ್ಟ್‌ವೇರಿನ ಸೀಡಿ ಇದೆಯಾ?"

ಸೀಡಿ ಮಾಜಿವಾಡಾದವರ ಜೊತೆಯೇ ಹೋಗಿತ್ತು. ಅವರು ಮೀಸೆಯ ಮೇಲೆ ಕೈಯಾಡಿಸುತ್ತಾ ಇದ್ದದ್ದನ್ನು ಇದ್ದ ಹಾಗೇ ಹೇಳಿದರು. ಫಾರ್ಮ್ಯಾಟ್ ಮಾಡಿದರೆ ಕಂಪ್ಯೂಟರು ಏಳುತ್ತದೆ. ಡಿಸೈನು ಉಳಿಯುತ್ತದೆ. ಅದನ್ನು ಮೆಶಿನಿಗೆ ಹೇಳಿಕೊಡುವ ಸಾಫ್ಟ್‌ವೇರು ಮಾತ್ರ ಇರುವುದಿಲ್ಲ. "ನಾಳೆ ಸಂಜೆ ಈ ಕಡೆ ಬರ್ತೇನೆ. ಒಯ್ಯಲಾ ಬೇಡವಾ ಅಂತ ಅಷ್ಟರಲ್ಲಿ ಹೇಳಿ." ಚಹಾ ಕುಡಿದು ಹೋದರು.

ಭಾನುವಾರ ಐರೋಲಿಯಲ್ಲಿ ಬಾರಸೆ. ಮರಾಠಿಯವರು ಮಗುವನ್ನು ತೊಟ್ಟಿಲಿಗೆ ಹಾಕಿ ಹೆಸರಿಡುವುದು ಆ ದಿನ. ಶನಿವಾರ, ಬಟ್ಟೆ ಬಿಗಿಯಾಗಿರಲೆಂದು ಹಿಂದೆ ಇಟ್ಟ ಕಾಗದ ಕಿತ್ತು, ತೊಳೆದು, ಒಣಗಿಸಿ, ಅಂಚು ಮಡಿಚಬೇಕು. ಅಂದರೆ ಶುಕ್ರವಾರ ಒಂದೇ ಉಳಿದದ್ದು. ಗುರುವಾರ ರಾತ್ರಿ ನನಗೆ ಊಟ ಸೇರಲಿಲ್ಲ. ಖೋಲಿಗೆ ಬೀಗ ಹಾಕಿ ಮೇಲೆ ಹೋಗೋಣವೆಂದರೆ, ಯಾರಾದರೂ ಬಾಗಿಲು ದಬ್ಬಿ ಫ್ರೇಮಿಗೆ ತಾಗಿದರೆ ಎಂಬ ಹೆದರಿಕೆ. ಅಲ್ಲೇ ಕೂರೋಣವೆಂದರೆ ಆ ನೀಲಿ ಮಿಂಚು. ಕೊನೆಗೆ ಪರದೆಯ ಸ್ವಿಚ್ಚು ಆರಿಸಿ, ಫ್ರೇಮಿನ ಮೇಲೆ ಒಂದು ಬಿಳಿ ಪಂಚೆ ಹೊದಿಸಿದೆ. ಹೊದಿಸಿದ ಮೇಲೆ ಅದು ನೋಡಲಿಕ್ಕೆ ಆಗದ ಹಾಗೆ ಕಂಡಿತು, ತಕ್ಷಣ ತೆಗೆದೆ.

ಶುಕ್ರವಾರ ಬೆಳಿಗ್ಗೆ ಕಾಕು ಚಹಾದ ಲೋಟ ಹಿಡಿದುಕೊಂಡು ಬಂದು ಬಾಗಿಲಲ್ಲಿ ನಿಂತರು.

"ಏನು, ಇನ್ನೂ ಸತ್ಯಾಗ್ರಹವೇ? ಮೊಬೈಲು ಕೊಡಬೇಡಿ ಅಂತ ಹೇಳಿದ್ದು ಯಾರು?"

"ನಾನು."

"ಈಗ ಮೊಬೈಲು ಕೊಡಿ ಅಂತ ಹೇಳಬೇಕಾದ್ದು ಯಾರು?"

"ಬೀಗಿತಿಯ ಎದುರು ನನ್ನ ಮಾತಿಗೆ ಏನು ಬೆಲೆ ಉಳೀತದೆ ಕಾಕು? ಮತ್ತೆ ಅವಳಿಗೆ ಅಂತ ಮಾಡಿದ್ದು ಅವಳಿಗೇ ಗೊತ್ತಾದ್ರೆ..."

"ಅರ್ಧ ಹೂವು ತೊಟ್ಟಿಲಲ್ಲಿ ಹಾಸಿದರೂ ಗೊತ್ತಾಗ್ತದೆ." ಲೋಟ ಇಟ್ಟು ಹೊರಟೇಹೋದರು. ಮಾತು ಒಗೆದು ಹೋಗುವುದರಲ್ಲಿ ಕಾಕುವನ್ನು ಮೀರಿಸುವವರಿಲ್ಲ.

ಚಹಾ ಕುಡಿದೆ. ಮಾತಿನ ಬೆಲೆ ಒಂದು ಕಡೆ, ಮಲ್ಲಿಗೆ ಒಂದು ಕಡೆ. ಬೀಗಿತಿಗೆ ಫೋನು ಹಚ್ಚಿದೆ.

"ವಿಹಿನಬಾಯಿ, ಒಂದು ಉಪಕಾರ ಆಗ್ಬೇಕು. ಮಗಳ ಕೈಗೆ ಸ್ವಲ್ಪ ಫೋನ್ ಕೊಡಿ."

ಬೀಗಿತಿ ಕೇಳಿದರು, "ಇದು ನನ್ನ ಪರೀಕ್ಷೆಯಾ?"

"ಅಲ್ಲ, ಅಲ್ಲ."

"ಯಾರು ಕೇಳಿದರೂ ಕೊಡಬೇಡಿ ಅಂದಿದ್ರಿ. ಯಾರು ಅನ್ನೋದ್ರಲ್ಲಿ ನೀವೂ ಬಂದ್ರಿ."

"ತಪ್ಪಾಯ್ತು ತಾಯಿ. ನಿಯಮ ವಾಪಸು ತಗೊಂಡೆ."

ಅವರು ನಗುವುದು ಕೇಳಿಸಿತು, ಸೊಂಟದ ಕೀಲಿ ಗಿಲಗಿಲ ಎಂದದ್ದೂ. ಸೊಸೆ ಬಂದಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಮರಾಠಿಯಲ್ಲಿ. "ಆಯಿ, ಏನಾಯ್ತು? ನೀವು ಹುಷಾರಿದ್ದೀರಾ?" ಮೊದಲು ಕೇಳಿದ್ದು ಅದು. ನಾನು ಎಲ್ಲವನ್ನೂ ಹೇಳಿಬಿಟ್ಟೆ. ಸೀರೆ, ಮಲ್ಲಿಗೆ, ಕಂಪ್ಯೂಟರು, ರಿಪೇರಿಯವರು. ಅವಳು ನಡುವೆ ಬಾಯಿ ಹಾಕಲಿಲ್ಲ. ಆಮೇಲೆ ಆಫೀಸಿನ ದನಿ ಬಂತು. ನಾನು ಆ ದನಿಯನ್ನು ಕೇಳಿದ್ದೇ ಅವತ್ತು. ಮೆತ್ತಗೆ, ಅವಸರವಿಲ್ಲದೆ.

"ಆಯಿ, ಕಂಪ್ಯೂಟರ್ ಸರಿಯಾಗಿ ಎದ್ದ ಕೊನೆಯ ದಿನಕ್ಕೂ, ಏಳದ ಮೊದಲ ದಿನಕ್ಕೂ ನಡುವೆ ಏನು ನಡೆಯಿತು? ಕಂಪ್ಯೂಟರಿಗೆ ಸಂಬಂಧ ಇಲ್ಲ ಅನ್ನಿಸಿದ್ದನ್ನೂ ಹೇಳಿ."

"ಆಯುಧಪೂಜೆ. ಕಾಕು ಕುಂಕುಮ ಹಚ್ಚಿದ್ರು."

"ಒಳಗೆ ಹಚ್ಚಿದ್ರಾ?"

"ಇಲ್ಲ. ಒಳಗೆ ನಾನು ಒರೆಸಿದೆ. ಬೆಳ್ಳಿ ಬಿಲ್ಲೆಯನ್ನು ಹಲ್ಲುಪುಡಿಯಲ್ಲಿ ತಿಕ್ಕಿದೆ."

"ಏನನ್ನು?"

ಹೇಳಿದೆ. ಆ ಕಡೆಯಿಂದ ಸಣ್ಣಗೆ ಕುಂಯ್ ಎಂಬ ಶಬ್ದ. ಅವಳು ನಗು ತಡೆದುಕೊಳ್ಳುತ್ತಿದ್ದಳು. "ಆಯಿ, ನಗಿಸಬೇಡಿ. ನನಗೂ ಹೊಲಿಗೆ ಹಾಕಿದ್ದಾರೆ, ಎಳೀತದೆ!"

ಅದು ಬೆಳ್ಳಿಯಲ್ಲ, ಸೆಲ್ಲು. ಕರೆಂಟು ಇಲ್ಲದಾಗಲೂ ಕಂಪ್ಯೂಟರಿಗೆ ತನ್ನ ಸೆಟ್ಟಿಂಗು ನೆನಪಿರುವುದು ಅದರಿಂದ. ಅದನ್ನು ತೆಗೆದಾಗ ಎಲ್ಲ ಮರೆತುಹೋಯಿತು. ಮರೆತವರ ಹಾಗೆ ಅದು ನನ್ನನ್ನೇ ಕೇಳಿತು, ಸೆಟಪ್ಪಿಗೆ ಹೋಗಿ ಸರಿಮಾಡುತ್ತೀಯಾ, ಇಲ್ಲಾ ಕಾರ್ಖಾನೆಯಿಂದ ಬಂದಾಗ ಇದ್ದ ಹಾಗೆ ಇರಲಾ ಅಂತ. ನಾನು ಕಂಟಿನ್ಯೂ ಎಂಬ ಶಬ್ದದ ಹಿಂದೆ ಹೋಗಿ, ಕಾರ್ಖಾನೆಯ ಹಾಗೇ ಇರು ಎಂದುಬಿಟ್ಟಿದ್ದೆ.

"ಇದಕ್ಕೂ ನೀಲಿ ಮಿಂಚಿಗೂ ಏನು?" ಎಂದೆ.

"ನಿಮ್ಮ ವಿಂಡೋಸ್ ಹಳೇದು ಆಯಿ. ಅದಕ್ಕೆ ನಿಮ್ಮ ಊರಿನ ತುಳು ಮಾತ್ರ ಬರ್ತದೆ ಅಂತ ಇಟ್ಟುಕೊಳ್ಳಿ. ಮಾಜಿವಾಡಾದವರು ಅದಕ್ಕೆ ಬೇಕಾಗಿ ಡಿಸ್ಕಿನ ಸೆಟ್ಟಿಂಗನ್ನು ತುಳುವಿಗೆ ಇಟ್ಟಿದ್ರು. ಕಾರ್ಖಾನೆಯದ್ದು ಮರಾಠಿ. ಈಗ ಡಿಸ್ಕು ಮರಾಠಿ ಮಾತಾಡ್ತಾ ಉಂಟು, ವಿಂಡೋಸ್ ಗಾಬರಿಯಾಗಿ ಬಾಗಿಲು ಹಾಕಿಕೊಳ್ತಾ ಉಂಟು."

"ನೀನು ನಮ್ಮ ಮನೆಗೆ ಬಂದ ಮೊದಲನೇ ವಾರದ ಹಾಗೆ."

"ನಗಿಸಬೇಡಿ ಅಂದೆ!"

ವಿಡಿಯೋ ಹಾಕಿದೆವು. ನಾನು ಫೋನನ್ನು ನೂಲಿನ ರೀಲುಗಳ ನಡುವೆ ನಿಲ್ಲಿಸಿ ಪರದೆಗೆ ತೋರಿಸಿದೆ. ಕಂಪ್ಯೂಟರು ಹಾಕಿದ ಕೂಡಲೇ ಡಿಲೀಟ್ ಗುಂಡಿಯನ್ನು ಟಕಟಕ ಒತ್ತಬೇಕು, ಸೆಟಪ್ಪು ಬರುತ್ತದೆ. ಮೊದಲು ಅವಳು ನನ್ನಿಂದ ಎಲ್ಲವನ್ನೂ ಮತ್ತೆ ಕಾರ್ಖಾನೆಯ ಹಾಗೆ ಮಾಡಿಸಿದಳು. ನನಗೆ ಸಿಟ್ಟೇ ಬಂತು. "ಅದರಿಂದಲೇ ಅಲ್ವಾ ಇಷ್ಟೆಲ್ಲ ಆದದ್ದು?"

"ಬುಧವಾರ ನೀವು ಏನೇನು ಬದಲಾಯಿಸಿದ್ರಿ ಅಂತ ಇಬ್ಬರಿಗೂ ಗೊತ್ತಿಲ್ಲ ಆಯಿ. ಮೊದಲು ಗೊತ್ತಿರುವ ಜಾಗಕ್ಕೆ ಬರೋಣ. ಅಲ್ಲಿಂದ ಒಂದೇ ಒಂದು ಬದಲಾಯಿಸೋಣ."

ಇದು ನನಗೆ ಅರ್ಥವಾಗುವ ಮಾತು. ಕಚ್ಚಾ ಹೊಲಿಗೆ ಹಾಕದೆ ಕತ್ತರಿ ಎತ್ತಬಾರದು ಎಂದು ನಾನೇ ಎಷ್ಟು ಹೆಣ್ಣುಮಕ್ಕಳಿಗೆ ಬೈದಿಲ್ಲ!

ಬಾಣ ಬಲಕ್ಕೆ, ಬಾಣ ಕೆಳಗೆ, ಎಂಟರ್. ಡಿಸ್ಕಿನ ಸಾಲು ಸಿಕ್ಕಿತು. ಅದರ ಎದುರು ಎ-ಎಚ್-ಸಿ-ಐ ಎಂದಿತ್ತು. ಎಂಟರ್ ಒತ್ತಿದರೆ ಮೂರು ಹೆಸರಿನ ಸಣ್ಣ ಕಿಟಕಿ. "ಐ-ಡಿ-ಇ ಅಂತ ಇದೆಯಲ್ಲ, ಅದು ತುಳು" ಎಂದಳು. ಅದಕ್ಕೆ ಹೋಗಿ ಎಂಟರ್. ಆಮೇಲೆ ಎಫ್ ಹತ್ತು. ಉಳಿಸಲಾ ಎಂದು ಕೇಳಿತು. ಎಂಟರ್ ಒತ್ತಿದೆ.

ಕಪ್ಪು. ಚಿತ್ರ. ಸುತ್ತುವ ಚುಕ್ಕಿ. ಫೋನಿನಲ್ಲಿ ಮಗು ಚಪ್ಪರಿಸುವ ಶಬ್ದ ಮಾತ್ರ, ಅವಳು ಹಾಲು ಕೊಡುತ್ತಲೇ ನನಗೆ ದಾರಿ ಹೇಳುತ್ತಿದ್ದಳು ಎಂದು ಆಗ ಗೊತ್ತಾಯಿತು. ಚುಕ್ಕಿ ಸುತ್ತಿತು, ಸುತ್ತಿತು. ನೀಲಿ ಬರಲಿಲ್ಲ. ನನ್ನ ಪರದೆ ಬಂತು! ಅದರ ಮೂಲೆಯಲ್ಲಿ ನನ್ನ ಮಲ್ಲಿಗೆಯ ಗುರುತು. ನಾನು ಕೂಗಿದ್ದಕ್ಕೆ ಕಾಕು ಲಟ್ಟಣಿಗೆ ಹಿಡಿದುಕೊಂಡೇ ಓಡಿಬಂದರು. ಆ ಕಡೆ ಮಗು ಬೆಚ್ಚಿ ಅತ್ತಿತು. ಬೀಗಿತಿ ಬೈದರು.

"ಆಯಿ, ಕೇಳಿ" ಎಂದಳು ಸೊಸೆ, ಮಗುವನ್ನು ತಟ್ಟುತ್ತಾ. "ಅಷ್ಟು ತಿಕ್ಕಿದ ಮೇಲೆ ಆ ಸೆಲ್ ಸತ್ತಿದೆ. ಲೈಟ್ ಹೋದ್ರೆ ಇದೆಲ್ಲ ಮತ್ತೆ ಮರೀತದೆ. ಮೊದಲು ಹೊಸ ಸೆಲ್ ತನ್ನಿ. ತಾರೀಕನ್ನೂ ಸರಿಮಾಡಬೇಕು, ಅದು ಆಮೇಲೆ."

ಹೂಂ ಎಂದೆ. ಫೋನು ಇಟ್ಟೆ. ಸೆಲ್ಲು ತರಲಿಕ್ಕೆ ಸ್ಟೇಶನ್ನಿನವರೆಗೆ ಹೋಗುವುದೆಲ್ಲಿ, ಮಲ್ಲಿಗೆ ಕರೀತಾ ಉಂಟು! ಸೂಜಿ ಎತ್ತಿಸಿ, ನಿಲ್ಲಿಸಿದ್ದ ಹೊಲಿಗೆಯಿಂದಲೇ ಶುರುಮಾಡಿದೆ. ಟಕಟಕಟಕ ಎಂದು ಮೆಶಿನು ಓಡಿತು. ಮೊಗ್ಗಿನ ಪಕ್ಕ ಮೊಗ್ಗು. ನಾನು ಅದರ ಎದುರು ನಿಂತು ಚಿಕ್ಕ ಹುಡುಗಿಯ ಹಾಗೆ ಚಪ್ಪಾಳೆ ತಟ್ಟಿದೆ.

ಆಗ ಲೈಟು ಹೋಯಿತು.

ಶುಕ್ರವಾರ ನಮ್ಮ ಕಡೆ ರಿಪೇರಿಗೆಂದು ಲೈಟು ತೆಗೆಯುತ್ತಾರೆ. ಇಡೀ ಬಿಲ್ಡಿಂಗಿಗೆ ಗೊತ್ತು, ನೀರು ತುಂಬಿಸಿಟ್ಟುಕೊಳ್ಳುತ್ತಾರೆ. ನನಗೆ ಅದು ಶುಕ್ರವಾರ ಎಂಬುದೇ ಮರೆತಿತ್ತು. ಸೂಜಿ ಒಂದು ಮೊಗ್ಗಿನ ಎಸಳಿನ ನಡುವೆ ಅರ್ಧ ಎತ್ತರದಲ್ಲಿ ನಿಂತಿತು. ಫ್ಯಾನು ನಿಂತು ಖೋಲಿಯೊಳಗೆ ಒಂದು ಮೌನ ಬಂತು ನೋಡಿ, ನೀಲಿ ಮಿಂಚೇ ವಾಸಿ ಅನ್ನಿಸುವಂಥದ್ದು.

ಚಪ್ಪಲಿ ಮೆಟ್ಟಿಕೊಂಡು ಸ್ಟೇಶನ್ನಿನ ಹತ್ತಿರದ ವಾಚ್ ರಿಪೇರಿಯವನಲ್ಲಿಗೆ ಹೋದೆ. ಹಳೆಯ ಬಿಲ್ಲೆ ತೋರಿಸಿದೆ. "ಅಜ್ಜಿ, ಇಷ್ಟು ಹೊಳೆಯುವ ಡೆಡ್ ಸೆಲ್ ನಾನು ನೋಡೇ ಇಲ್ಲ" ಎಂದ. ಹೊಸತನ್ನು ತಂದು, ಬರೆದ ಮುಖ ಮೇಲೆ ಮಾಡಿ, ಗೂಡಿನಲ್ಲಿ ಕೂರಿಸಿದೆ. ಒರೆಸಲಿಲ್ಲ.

ಮಧ್ಯಾಹ್ನ ಲೈಟು ಬಂತು. ಫೋನು ಕೈಗೆತ್ತಿಕೊಂಡೆ. ಈ ಹೊತ್ತಿಗೆ ತಾಯಿ ಮಗು ಇಬ್ಬರೂ ಮಲಗಿರುತ್ತಾರೆ. ಕೆಳಗಿಟ್ಟೆ. ದಾರಿ ಒಂದು ಸಲ ನಡೆದದ್ದು ತಾನೆ?

ಕಪ್ಪು ಪರದೆ ಬಂತು, ಅದೇ ಎರಡು ಪ್ರಶ್ನೆ. ಈ ಸಲ ನಾನು ಕಂಟಿನ್ಯೂವನ್ನು ನೋಡಲಿಲ್ಲ. ಎಫ್ ಒಂದು ಒತ್ತಿದೆ. ಬಾಣ ಬಲಕ್ಕೆ, ಬಾಣ ಕೆಳಗೆ, ಎಂಟರ್. ತುಳುವಿಗೆ ಇಟ್ಟೆ. ಆಮೇಲೆ ಮೊದಲನೆಯ ಪುಟಕ್ಕೆ ಬಂದೆ, ತಾರೀಕು ಸರಿಮಾಡಲಿಕ್ಕೆ. ಆಗ ಆ ಇಸವಿ ಕಂಡೆ. ಕಂಪ್ಯೂಟರಿಗೆ ಅದು ಹುಟ್ಟಿದ ವರ್ಷ ಇರಬೇಕು. ನನಗೆ ಅದು ನಮ್ಮ ಮನೆಯವರು, ಮಗನ ಅಪ್ಪ, ಇನ್ನೂ ಇದ್ದ ವರ್ಷ. ಹೊಟೇಲಿನಿಂದ ಬಂದು ಅಂಗಿ ಬಿಚ್ಚುವಾಗ ಒಗ್ಗರಣೆಯ ವಾಸನೆ ಬರುತ್ತಿದ್ದ ವರ್ಷ. ಸೆಲ್ಲು ಹೋದ ಈ ಮೂರು ದಿನ ಆ ಡಬ್ಬಿಯೊಳಗೆ ಅವರು ಇದ್ದೇ ಇದ್ದರು, ನಾನು ನೋಡಿರಲಿಲ್ಲ.

ಪ್ಲಸ್ ಗುಂಡಿ ಒತ್ತಿದರೆ ಒಂದೊಂದೇ ವರ್ಷ ಮುಂದೆ ಹೋಗುತ್ತದೆ. ಒತ್ತಿದೆ. ಮಗನಿಗೆ ಕೆಲಸ ಸಿಕ್ಕಿದ ವರ್ಷ. ಒತ್ತಿದೆ. ಅವರು ಮಲಗಿ ಮತ್ತೆ ಏಳದ ವರ್ಷ. ಅಲ್ಲಿ ಬೆರಳು ಸ್ವಲ್ಪ ನಿಂತಿತು. ಒತ್ತಿದೆ. ಯಾರೂ ಬಾರದೆ ಹೋದ ವರ್ಷಗಳು, ಬಾಗಿಲು ಹಾಕಿ ಮಾಸ್ಕು ಹೊಲಿದ ವರ್ಷ, ಮರಾಠಿ ಹುಡುಗಿಯನ್ನು ತರುತ್ತೇನೆ ಎಂದು ಮಗ ತಲೆ ತಗ್ಗಿಸಿ ಹೇಳಿದ ವರ್ಷ. ಒತ್ತುತ್ತಾ ಹೋದೆ. ಕೊನೆಗೆ ಈ ವರ್ಷ ಬಂತು. ಇನ್ನೊಂದು ಸಲ ಒತ್ತಲಿಲ್ಲ. ನನಗೆ ಬೇಕಾದದ್ದೆಲ್ಲ ಇದರಲ್ಲೇ ಇದೆ. ಎಫ್ ಹತ್ತು, ಉಳಿಸು.

ಎದ್ದಿತು. ಒಂದೇ ಸಲಕ್ಕೆ.

ಲೈಟು ಹೋದಾಗ ಸೂಜಿ ಎಲ್ಲಿತ್ತು ಎಂಬುದು ಸರಿಯಾಗಿ ತಿಳಿಯದೆ ಕೆಲವು ಹೊಲಿಗೆ ಹಿಂದಕ್ಕೆ ಹೋಗಿ ಶುರುಮಾಡಿದೆ. ಹಾಗಾಗಿ ಆ ಒಂದು ಎಸಳಿನ ಮೇಲೆ ಎರಡು ಸಲ ನೂಲು ಬಿದ್ದು ಅದು ದಪ್ಪಗಾಯಿತು. ಬಿಚ್ಚಲಿಲ್ಲ. ಸಂಜೆಗೆ ಚೆಂಡು ಪೂರ್ತಿ ಸುತ್ತಿ ಬಂದು, ಮೊದಲ ಮೊಗ್ಗಿಗೆ ಕೊನೆಯ ಮೊಗ್ಗು ಕೂದಲೆಳೆಯೂ ತಪ್ಪದೆ ಸೇರಿತು. ರಿಪೇರಿಯವರು ಬಂದಾಗ ಮೆಶಿನು ಇನ್ನೂ ಬಿಸಿಯಿತ್ತು. ವಿಷಯ ಹೇಳಿದೆ. "ಹಲ್ಲುಪುಡಿ!" ಎಂದು ಹಣೆ ಬಡಿದುಕೊಂಡರು. "ಇನ್ನು ಮೇಲೆ ಅದನ್ನೂ ಕೇಳ್ತೇನೆ ಮಾವ್ಶಿ." ಸಾಫ್ಟ್‌ವೇರು, ಡಿಸೈನು ಎಲ್ಲವನ್ನೂ ಇನ್ನೊಂದು ಡಿಸ್ಕಿಗೆ ಇದ್ದ ಹಾಗೆ ಇಳಿಸಿಕೊಟ್ಟೇ ಹೋದರು.

ಭಾನುವಾರ ಐರೋಲಿ. ಬಾಗಿಲಲ್ಲೇ ಬೀಗಿತಿ ಕಪಾಟಿನ ಕೀಲಿಯನ್ನು ನನ್ನ ಕೈಗೆ ಹಾಕಿ, "ಇನ್ನು ಇದು ನೀವೇ ಇಟ್ಟುಕೊಳ್ಳಿ, ನನಗೆ ನಿಮ್ಮ ನಿಯಮ ಬೇಡ" ಎಂದರು. ಎಲ್ಲರೂ ನಕ್ಕರು. ನಾನು ಗಂಟು ಬಿಚ್ಚಿ ಸೀರೆ ಹೊರತೆಗೆದೆ. ಸೊಸೆ ಅದನ್ನು ಕಣ್ಣಿನಿಂದ ನೋಡಲು ಹೋಗಲಿಲ್ಲ. ಕಣ್ಣು ಮುಚ್ಚಿ, ಹೆಬ್ಬೆರಳನ್ನು ಮಲ್ಲಿಗೆಯ ಮೇಲೆ ಮೆಲ್ಲಗೆ ಸುತ್ತಲೂ ಎಳೆದಳು. ಒಂದು ಕಡೆ ಬೆರಳು ನಿಂತಿತು.

"ಆಯಿ, ಲೈಟ್ ಹೋದದ್ದು ಇಲ್ಲಿ ತಾನೆ?"

ಕನ್ನಡದಲ್ಲಿ ಕೇಳಿದಳು.

ಅವಳು ತೊಟ್ಟಿಲಲ್ಲಿ ಬಟ್ಟೆಯನ್ನು ಸ್ವಲ್ಪ ತಿರುಗಿಸಿ ಹಾಸಿದಳು. ಮಗುವನ್ನು ಮಲಗಿಸಿದಾಗ ಆ ದಪ್ಪ ಎಸಳು ಸರಿಯಾಗಿ ಅದರ ಹಿಮ್ಮಡಿಯ ಕೆಳಗೆ ಬಂತು. ಹೆಂಗಸರು ಹಾಡು ಶುರುಮಾಡಿದರು, ಕಿವಿಯಲ್ಲಿ ಹೆಸರು ಹೇಳಿದರು. ನನ್ನ ಕಣ್ಣು ಮಾತ್ರ ಮೊಮ್ಮಗಳ ಕಾಲಿನ ಮೇಲೆಯೇ. ಕುಚ್ಚಲಕ್ಕಿ ನುಚ್ಚಿನಂಥ ಉಗುರಿನ ಆ ಬೆರಳುಗಳು ಒಮ್ಮೆ ಬಿಡಿಸಿಕೊಂಡು, ಮಲ್ಲಿಗೆಯನ್ನು ಒದ್ದು, ಮತ್ತೆ ಅದರ ಮೇಲೆಯೇ ಕೂತವು.